ಬೆಟ್ಟದ ಬಸ್ಸಿನ ಟಿಕೆಟ್‌ನಲ್ಲಿ ಡೀಸೆಲ್ ಎಷ್ಟು?

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಕಾರು, ಬೈಕು ಬಿಡುವುದಿಲ್ಲ. ಕೆಳಗೆ ಚೆಕ್‌ಪೋಸ್ಟ್ ಬಳಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸನ್ನೇ ಹತ್ತಬೇಕು. ಬಂಡೀಪುರದ ಕಾಡು, ಆನೆಗಳ ದಾರಿ. ನಿಯಮದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಬೇರೆ ಗತಿ ಇಲ್ಲದ ಕಡೆ ಕೇಳಿದಷ್ಟು ಕೊಡಲೇಬೇಕು. ಆ ದುಡ್ಡು ಯಾವ ಲೆಕ್ಕದ್ದು ಎಂದು ಕೇಳಬೇಕಾದ್ದೂ ಇಂಥ ಕಡೆಯೇ.

2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿತು. ಗುಂಡ್ಲುಪೇಟೆ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ‘ಡೀಸೆಲ್ ಜಾಸ್ತಿ ಆಯ್ತಲ್ಲ’ ಅನ್ನುವವರೇ. ಸರ್ಕಾರ ಆಗ ಕೊಟ್ಟ ಲೆಕ್ಕ ನೋಡಿ. ಹತ್ತು ವರ್ಷದ ಹಿಂದೆ ನಾಲ್ಕು ನಿಗಮಗಳ ದಿನದ ಡೀಸೆಲ್ ಖರ್ಚು 9.16 ಕೋಟಿ ರೂಪಾಯಿ, ಈಗ 13.21 ಕೋಟಿ. ಸಿಬ್ಬಂದಿ ವೆಚ್ಚ 12.85 ಕೋಟಿಯಿಂದ 18.36 ಕೋಟಿಗೆ ಏರಿದೆ. ಅಂದರೆ ಡೀಸೆಲ್‌ಗೆ ಹೆಚ್ಚಿದ್ದು 4.05 ಕೋಟಿ, ಸಿಬ್ಬಂದಿಗೆ 5.51 ಕೋಟಿ. ಕಂಡಕ್ಟರ್ ಸಂಬಳ ಏರಿದ್ದು ತಪ್ಪೇನಲ್ಲ, ಹಾಗೆಂದೇ ಹೇಳಬಹುದಿತ್ತು. ಅದೂ ಅಲ್ಲದೆ 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.3ರಿಂದ 18.4ಕ್ಕೆ ಏರಿಸಿದ್ದು ಇದೇ ರಾಜ್ಯ ಸರ್ಕಾರ!

ಡೀಸೆಲ್ ಇಳಿದಾಗ? 2021ರ ನವೆಂಬರ್‌ನಲ್ಲಿ ಕೇಂದ್ರ 10 ರೂಪಾಯಿ, ರಾಜ್ಯ 7 ರೂಪಾಯಿ ತೆರಿಗೆ ಇಳಿಸಿದವು. ಟಿಕೆಟ್ ದರ ಇಳಿಯಲಿಲ್ಲ. ನ್ಯಾಯವಾಗಿ ಹೇಳುವುದಾದರೆ, 2020ರ ಫೆಬ್ರುವರಿಯಿಂದ 2025ರವರೆಗೆ ಕೆಎಸ್‌ಆರ್‌ಟಿಸಿ ದರ ಏರಿಸಲೂ ಇಲ್ಲ.

ವಿಮಾನದವರದು ಇನ್ನೊಂದು ಬಗೆ. 2023ರ ಅಕ್ಟೋಬರ್ 6ರಿಂದ ಇಂಡಿಗೊ ದೂರ ನೋಡಿ 300ರಿಂದ 1000 ರೂಪಾಯಿವರೆಗೆ ಇಂಧನ ಶುಲ್ಕವನ್ನು ಬೇರೆಯಾಗಿಯೇ ಹಾಕಿತು. ವಿಮಾನ ಇಂಧನದ ಬೆಲೆ ಇಳಿದ ಮೇಲೆ 2024ರ ಜನವರಿ 4ರಂದು ತೆಗೆಯಿತು. ಜೊತೆಗೇ, ಇಂಧನದ ಬೆಲೆ ನೋಡಿಕೊಂಡು ಟಿಕೆಟ್ ದರವನ್ನು ಹೊಂದಿಸುತ್ತಲೇ ಇರುತ್ತೇವೆ ಎಂದೂ ಹೇಳಿತು. ಒಂದು ಕಿಸೆಯಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಲು ಅಡ್ಡಿಯಿಲ್ಲ ಅಂತಾಯಿತು. ಆದರೂ ಬೇರೆ ಸಾಲಿನಲ್ಲಿ ಬರೆದಿದ್ದಕ್ಕೇ ‘ಇಂಧನ ಇಳಿಯಿತು, ಇದನ್ನು ತೆಗೆಯಿರಿ’ ಎನ್ನಲು ಜಾಗವಿತ್ತು. ಬೆಟ್ಟದ ಬಸ್ಸಿನ ಟಿಕೆಟ್ಟಿನಲ್ಲಿ ಡೀಸೆಲ್ ಪಾಲು ಎಲ್ಲಿದೆ ಎಂದು ಹುಡುಕುವುದು? ಹತ್ತುವಾಗ ಬಸ್ಸು ಸಣ್ಣ ಗೇರಿನಲ್ಲಿ ಡೀಸೆಲ್ ಕುಡಿಯುತ್ತದೆ, ಖರ್ಚು ಹೆಚ್ಚೇ ಇರಬಹುದು. ಅದನ್ನೂ ಬರೆದು ತೋರಿಸಲಿ. ಶ್ರಾವಣ ಶನಿವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುವ ಕೂಲಿಯವನಿಗೆ ಹತ್ತಿಪ್ಪತ್ತು ರೂಪಾಯಿಯೂ ಲೆಕ್ಕವೇ.

ಈ ವಿಷಯದಲ್ಲಿ ನಾವೇನೂ ಹೊರಗಿನವರಲ್ಲ. ಸುದ್ದಿಗಿಷ್ಟು ಎಂದು ಎಣಿಸಿ ಕೊಡುವವರು ನಮ್ಮ ಪೆಟ್ರೋಲ್ ಕಾಸನ್ನು ಅದರಲ್ಲೇ ಸೇರಿಸಿದ್ದೇವೆ ಅನ್ನುತ್ತಾರೆ. ಎಷ್ಟು ಸೇರಿಸಿದ್ದೀರಿ ಸಾರ್ ಎಂದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.