ನಿಮ್ಮಲ್ಲಿ ಸಿಗ್ನಲ್ ಸರಿಯಿಲ್ಲ

ಜೋಯಿಡಾ ಕಡೆ ಯಾವ ಯಂತ್ರ ಕೈಕೊಟ್ಟರೂ ತಪ್ಪು ಹೊರಿಸಲು ನೆಟ್‌ವರ್ಕ್ ಇದೆ. ಗುಡ್ಡ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಅಲ್ಲೊಂದು ಇಲ್ಲೊಂದು ಟವರ್. ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ನಾನೂ ಅದರ ಹಿಂದೆಯೇ ಅಡಗಿಕೊಂಡೆ.

ಮಳೆಯ ಲೆಕ್ಕವನ್ನು ಸರ್ವರ್‌ಗೆ ಕಳಿಸುವ ಲಿನಕ್ಸ್ ಪೆಟ್ಟಿಗೆಯೊಂದನ್ನು ದಾಂಡೇಲಿಯ ಮನೆಯಲ್ಲಿ ಕಟ್ಟಿದ್ದೆ. ಸತ್ತ ಸಂಪರ್ಕವನ್ನು ಪತ್ತೆ ಹಚ್ಚುವ ಕೀಪ್‌ಅಲೈವ್ ಲಿನಕ್ಸ್‌ನಲ್ಲಿದೆ. ಆದರೆ ಅದರ ಪಾಡಿಗೆ ಬಿಟ್ಟರೆ ಮೊದಲ ವಿಚಾರಣೆಗೇ 7200 ಸೆಕೆಂಡ್, ಎಂದರೆ ಎರಡು ತಾಸು ಕಾಯುತ್ತದೆ. ಅದನ್ನು 60ಕ್ಕೆ ಇಳಿಸಲು, ವಿಚಾರಣೆಗಳ ನಡುವಿನ ಅಂತರವನ್ನೂ ಗೊತ್ತುಪಡಿಸಲು, ಸಾಕೆಟ್ ಆಯ್ಕೆಗಳನ್ನು ಹೊಂದಿಸುವ ಸೆಟ್‌ಸಾಕ್‌ಆಪ್ಟ್ ಕರೆಗಳನ್ನು ಬರೆದೆ. ಪರೀಕ್ಷೆಗೆ ಸರ್ವರ್ ಅದೇ ಮೇಜಿನ ಮೇಲೆ, ಅದೇ ಸ್ವಿಚ್‌ನಲ್ಲಿ. ಎಲ್ಲವೂ ಸುಸೂತ್ರ.

ಜೋಯಿಡಾದ ಮನೆಯೊಂದರ ರೂಟರ್‌ಗೆ ಜೋಡಿಸಿದರೆ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’. “ನಿಮ್ಮಲ್ಲಿ ಸಿಗ್ನಲ್ ಸರಿಯಿಲ್ಲ” ಎಂದೆ. “ಹೌದ್ರೀ, ನಮ್ಮ ಕಡೆ ಹಿಂಗೇ” ಎಂದು ಮನೆಯವರು ಒಪ್ಪಿಕೊಂಡರು, ಪಾಪ. ಹೊಸ ಆಂಟೆನಾವನ್ನೂ ಕೊಳ್ಳಿಸಿದೆ. ಅದೇ ಪೆಟ್ಟಿಗೆಯಿಂದ ಪಿಂಗ್ ಮಾತ್ರ ಸಲೀಸಾಗಿ ಸರ್ವರ್ ಮುಟ್ಟುತ್ತಿತ್ತು! ಅದನ್ನು ಕಂಡ ಮೇಲೂ ನನ್ನ ಕೋಡ್ ಮೇಲೆ ಅನುಮಾನ ಬರಲಿಲ್ಲ. ಕರ್ನಲ್‌ನಲ್ಲೇ ದೋಷ ಎಂದುಕೊಂಡು ಅದರ ಸಾಕೆಟ್ ಕಡತ ತೆರೆದು ಕೂತೆ.

ಕರ್ನಲ್‌ಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿದಾಗ ಬಣ್ಣ ಬಯಲಾಯಿತು. ಸಾಕೆಟ್ ಆಯ್ಕೆಗಳಿಗೆ ಹೆಸರಿದ್ದರೂ ಕರ್ನಲ್‌ಗೆ ಮುಟ್ಟುವುದು ಬರೀ ಸಂಖ್ಯೆ. ಅದು ಯಾವ ಮಟ್ಟದ ಸಂಖ್ಯೆ ಎಂಬುದನ್ನೂ ಜೊತೆಗೆ ಹೇಳಬೇಕು. ಟಿಸಿಪಿ ಮಟ್ಟದಲ್ಲಿ 4 ಎಂದರೆ ಕಾಯುವ ಅವಧಿ, 5 ಎಂದರೆ ವಿಚಾರಣೆಗಳ ನಡುವಿನ ಅಂತರ. ನಾನು ಕೊಟ್ಟಿದ್ದು ಸಾಮಾನ್ಯ ಸಾಕೆಟ್ ಮಟ್ಟ. ಹಳಿಯಾಳದ 4ನೇ ವಾರ್ಡಿನ ಕಾಗದವನ್ನು ಮುಂಡಗೋಡದ 4ನೇ ವಾರ್ಡಿಗೆ ಹಾಕಿದ ಹಾಗೆ. ಸಾಕೆಟ್ ಮಟ್ಟದಲ್ಲಿ 4 ಎಂದರೆ ಎಸ್‌ಓ ಎರರ್, ಓದಲಷ್ಟೇ ಬರುವಂಥದ್ದು. ಕರ್ನಲ್ ನಿರಾಕರಿಸಿತ್ತು, ಕರೆ -1 ಮರಳಿಸಿತ್ತು. ಆ ಉತ್ತರವನ್ನು ನೋಡುವ ಸಾಲನ್ನೇ ನಾನು ಬರೆದಿರಲಿಲ್ಲ. 5 ಎಂದರೆ ಎಸ್‌ಓ ಡೋಂಟ್‌ರೂಟ್: ಗೇಟ್‌ವೇ ದಾಟಬೇಡ, ನೇರ ಜೋಡಣೆಯಲ್ಲಿರುವವರಿಗಷ್ಟೇ ಕಳಿಸು. ಅದನ್ನು ಕರ್ನಲ್ ತಕರಾರಿಲ್ಲದೆ ಒಪ್ಪಿ ಪಾಲಿಸಿತ್ತು. ದಾಂಡೇಲಿಯ ಮೇಜಿನ ಮೇಲೆ ದಾಟಲು ಗೇಟ್‌ವೇಯೇ ಇರಲಿಲ್ಲವಲ್ಲ, ಅಲ್ಲೆಲ್ಲಿ ಗೊತ್ತಾಗಬೇಕು?

ಮಟ್ಟವನ್ನು ತಿದ್ದಿದ ಮೇಲೆ ಹಳೆಯ ಆಂಟೆನಾದಲ್ಲೇ ಲೆಕ್ಕ ಹೋಗತೊಡಗಿತು. ಹೊಸದರ ದುಡ್ಡು ನಾನೇ ಕೊಟ್ಟೆ.

ಇಂಥ ಕೋಡ್ ಬರೆಯುವವರು ಪ್ರತಿ ಸೆಟ್‌ಸಾಕ್‌ಆಪ್ಟ್ ಏನು ಮರಳಿಸಿತು ಎಂದು ನೋಡಿ. ಪರೀಕ್ಷೆಯ ಸರ್ವರನ್ನು ಗೇಟ್‌ವೇ ಆಚೆಯೇ ಇಡಿ.