ಸಾಸಿವೆಯಷ್ಟು ಪಿನ್ನು

ರಿವಾಲ್ವರಿನ ಸಿಲಿಂಡರ್ ಎಡಕ್ಕೆ ಹೊರಳುತ್ತದೆ. ಐದು ಮನೆ, ಐದೂ ಖಾಲಿ. ಕಣ್ಣನ್ನಷ್ಟೇ ನಂಬದೆ ಕಿರುಬೆರಳ ತುದಿಯಿಂದ ಒಂದೊಂದನ್ನೂ ಮುಟ್ಟುತ್ತೀರಿ. ಗುಂಡಿನ ಡಬ್ಬಿ ಒಳಕೋಣೆಯಲ್ಲಿ ಬೀಗದ ಹಿಂದಿದೆ. ಆದರೂ ಇನ್ನೊಮ್ಮೆ ಮುಟ್ಟುತ್ತೀರಿ.

ಟೆಕ್ಸಸ್‌ನ ಗ್ಯಾರೇಜು. ಮಧ್ಯಾಹ್ನದ ಧಗೆ, ಎಣ್ಣೆಯ ಘಾಟು. ನಮ್ಮೂರಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಇಲ್ಲಿ ಸ್ವಂತ ರಿವಾಲ್ವರಿನ ಗುರಿ ನೋಡುವ ಸೈಟ್ ಬದಲಿಸಲು ಯಾರೂ ಅಡ್ಡ ಬರುವುದಿಲ್ಲ. ತಡೆಯುವವರಿಲ್ಲ ಎನ್ನುವುದೇ ಸ್ವಲ್ಪ ಭಯ ಹುಟ್ಟಿಸುತ್ತದೆ.

ವೈಸಿನ ಚರ್ಮದ ಹಲ್ಲುಗಳ ನಡುವೆ ರೂಗರ್ ಎಸ್‌ಪಿ101ರ ಗಿಡ್ಡ ನಳಿಗೆ. ತುದಿಯಲ್ಲಿ ಕಪ್ಪು ಅಲಗು, ಅದೇ ಫ್ರಂಟ್ ಸೈಟ್. ಚಾಳೀಸು ಬಂದ ಕಣ್ಣಿಗೆ ಅದು ಬರೀ ಮಬ್ಬು. ಹಿಂದಿನ ಸೈಟ್ ಎಂದರೆ ಚೌಕಟ್ಟಿನಲ್ಲೇ ಕೊರೆದ ತೋಡು, ಅದನ್ನು ಮೇಲೆ ಕೆಳಗೆ ಮಾಡುವಂತಿಲ್ಲ. ಗುಂಡು ಎಷ್ಟು ಎತ್ತರಕ್ಕೆ ತಾಗಬೇಕೆಂಬುದು ಪೂರ್ತಿಯಾಗಿ ಈ ಅಲಗಿನ ಕೈಲಿದೆ.

ಅಲಗಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಪಿನ್ ತಲೆ. ಪಂಚ್ ಇಟ್ಟು ಹಿತ್ತಾಳೆ ಸುತ್ತಿಗೆಯಿಂದ ತಟ್ಟುತ್ತೀರಿ. ಜಗ್ಗುವುದಿಲ್ಲ. ಬೆವರು ಹುಬ್ಬಿನಿಂದ ಕನ್ನಡಕದ ಮೇಲೆ ಬೀಳುತ್ತದೆ. ಜೋರಾಗಿ ಹೊಡೆಯಬೇಕೆ? ಪಂಚ್ ಜಾರಿದರೆ ಹೊಳೆಯುವ ಉಕ್ಕಿನ ಮೇಲೆ ಗೀರು ಶಾಶ್ವತ. ಉಸಿರು ಬಿಗಿ ಹಿಡಿದು ಒಂದೇ ಏಟು. ಟಣ್! ಪಿನ್ ಹಾರುತ್ತದೆ, ಎಲ್ಲೋ ಕಾಂಕ್ರೀಟಿನ ಮೇಲೆ ಟಿಣಿಟಿಣಿ ಎನ್ನುತ್ತದೆ. ಹುಡುಕುವುದು ಆಮೇಲೆ.

ಹೊಸ ಅಲಗು ಬೇಕೆಂದೇ ತುಸು ಎತ್ತರ. ಉಜ್ಜಿ ಇಳಿಸಬಹುದು, ಬೆಳೆಸಲಾಗದು. ಅದಕ್ಕೆ ತೂತೂ ಇಲ್ಲ. ನಳಿಗೆಯ ತೋಡಿಗೆ ಒತ್ತಿ ಕೂರಿಸಿ, ಕ್ಲ್ಯಾಂಪ್ ಬಿಗಿದು, ಹಳೆಯ ತೂತನ್ನೇ ದಾರಿ ಮಾಡಿಕೊಂಡು ಕೊರೆಯಬೇಕು. ಡ್ರಿಲ್ ಬಿಟ್ ಎಷ್ಟು ತೆಳುವೆಂದರೆ ಕೈ ಅಲುಗಿದರೆ ಮುರಿಯುತ್ತದೆ. ಒಳಗೇ ಮುರಿದರೆ ಕಥೆ ಮುಗಿಯಿತು. ಒಂದು ಹನಿ ಎಣ್ಣೆ. ಗುರ್ರ್. ಬಿಸಿ ಲೋಹದ ವಾಸನೆ ಮೂಗಿಗೆ ಅಡರುತ್ತದೆ. ತೆಗೆ, ಪುಡಿ ಒರೆಸು, ಮತ್ತೆ ಇಳಿಸು. ಸದ್ದು ಕೀರಲಾಗುತ್ತದೆ. ನಿಲ್ಲಿಸು! ಎಣ್ಣೆ. ಮತ್ತೆ. ಒಮ್ಮೆಲೇ ಕೈ ಹಗುರಾಗುತ್ತದೆ, ಆಚೆ ಬೆಳಕು. ಹೊಸ ಪಿನ್ ನಾಲ್ಕು ಮೆದು ಏಟಿಗೆ ಒಳಗೆ ಹೋಗಿ ಕೂರುತ್ತದೆ.

ಮರುದಿನ ಶೂಟಿಂಗ್ ರೇಂಜು. ಮರಳುಚೀಲದ ಮೇಲೆ ಮುಂಗೈ, 15 ಗಜದಾಚೆ ಕಾಗದ. ಒಳಗೆ 158 ಗ್ರೇನ್ ತೂಕದ .38 ಸ್ಪೆಷಲ್ ಗುಂಡು. ಐದೂ ಏಟು ಒಟ್ಟಾಗಿಯೇ ಬಿದ್ದಿವೆ, ಎರಡು ಅಂಗುಲ ಕೆಳಗೆ. ಅಲಗು ಎತ್ತರವಿದ್ದರೆ ಗುಂಡು ತಗ್ಗುತ್ತದೆ. ಸೈಟ್‌ಗಳ ನಡುವೆ 4 ಅಂಗುಲ ಎಂದು ಹಿಡಿದರೆ ಉಜ್ಜಬೇಕಾದದ್ದು 0.015 ಅಂಗುಲ, ಅಷ್ಟೇ.

ಮತ್ತೆ ಐದೂ ಮನೆ ಖಾಲಿ ಮಾಡಿ ಅರ ಹಿಡಿಯುತ್ತೀರಿ. ಎರಡು ಎಳೆತ, ಐದು ಗುಂಡು. ಇನ್ನೆರಡು ಎಳೆತ, ಇನ್ನೈದು. ತೂತುಗಳು ಮೇಲೇರುತ್ತಿವೆ. ಇನ್ನರ್ಧ ಅಂಗುಲ ಬಾಕಿ, ಕೈ ತುರಿಸುತ್ತದೆ. ಅರವನ್ನು ಬಟ್ಟೆಗೆ ಸುತ್ತಿ ಪೆಟ್ಟಿಗೆಗೆ ಹಾಕುತ್ತೀರಿ. ನಾಳೆ ಬೇರೆ ತೂಕದ ಗುಂಡು ಹಾಕಿದರೆ ಪೆಟ್ಟು ಮೇಲೆ ಬಿದ್ದೀತು. ಆಗ ಪೆಟ್ಟನ್ನು ತಗ್ಗಿಸಿಡಲು ಅಲಗಿನಲ್ಲಿ ಎತ್ತರ ಉಳಿದಿರಬೇಕು. ಕಿತ್ತಳೆ ಬಣ್ಣದ ಉಗುರುಬಣ್ಣ ಮನೆಯಲ್ಲಿದೆ. ಅಲಗಿಗೆ ಅದನ್ನು ಬಳಿಯಲು ಹೆಂಡತಿಯನ್ನು ಕೇಳಬೇಕು.