ಕಾವಲಿಯೇ ತೂತು

ಹೋದ ವಾರ ನಮ್ಮ ಮನೆಯ ಬೀಡಿನ ಕಾವಲಿ ಕೈಜಾರಿ ಬಿದ್ದು ಎರಡು ಹೋಳಾಯಿತು. ಮೂವತ್ತು ವರ್ಷ ಎಣ್ಣೆ ಕುಡಿದು, ಈರುಳ್ಳಿಯಿಂದ ಉಜ್ಜಿಸಿಕೊಂಡು ಪಳಗಿದ್ದ ಕಾವಲಿ. "ಬೀಡು ಕಣೋ, ಬಾಗೋದು ಗೊತ್ತಿಲ್ಲ ಇದಕ್ಕೆ" ಎಂದರು ಅಮ್ಮ. ನಾನು ಮುರಿದ ಅಂಚನ್ನೇ ನೋಡುತ್ತಿದ್ದೆ. ಮೇಲೆಲ್ಲ ಕಾಡಿಗೆಗಪ್ಪು, ಒಳಗೆ ಬೂದಿ ಬಣ್ಣ.

ಆ ಬೂದಿ ಬಣ್ಣ ಇಂಗಾಲದ ಕೊಡುಗೆ. ಸಾಮಾನ್ಯ ಉಕ್ಕಿನಲ್ಲಿ ಇಂಗಾಲ ಶೇಕಡಾ 1ನ್ನೂ ಮುಟ್ಟುವುದಿಲ್ಲ, ಬೀಡಿನಲ್ಲಿ, ಅಂದರೆ ಎರಕದ ಕಬ್ಬಿಣದಲ್ಲಿ, 3ರ ಆಸುಪಾಸು. ಎರಕ ನಿಧಾನವಾಗಿ ಆರುವಾಗ ಹೆಚ್ಚಾದ ಇಂಗಾಲ ಗ್ರಾಫೈಟಿನ ಎಸಳುಗಳಾಗಿ ಕಬ್ಬಿಣದ ತುಂಬ ಹರಡಿಕೊಳ್ಳುತ್ತದೆ. ಪೆನ್ಸಿಲ್ ಕಡ್ಡಿಯಲ್ಲಿರುವುದೂ ಇದೇ ಗ್ರಾಫೈಟ್. ಅದಕ್ಕೆ ಬಲವಿಲ್ಲ, ಒಂದೊಂದು ಎಸಳೂ ಒಂದೊಂದು ಬಿರುಕಿನ ಹಾಗೆ. ಎಲ್ಲರ ಮನೆ ದೋಸೆ ತೂತಾದರೆ ನಮ್ಮ ಮನೆ ಕಾವಲಿಯೇ ತೂತು ಅನ್ನುತ್ತಾರಲ್ಲ, ಬೀಡಿನ ಮಟ್ಟಿಗೆ ಅದು ನಿಜವಾದ ಮಾತು.

ಆದರೆ ಆ ತೂತೇ ಬೀಡಿನ ಭಾಗ್ಯ. ಉಕ್ಕಿನ ಸರಳನ್ನು ತಟ್ಟಿದರೆ ಗುಂಯ್ ಎನ್ನುತ್ತದೆ. ಬೀಡನ್ನು ತಟ್ಟಿದರೆ ದನಿ ಅಲ್ಲೇ ಇಂಗುತ್ತದೆ. ನಡುಕವನ್ನು ಎಸಳುಗಳು ನುಂಗಿಬಿಡುತ್ತವೆ. ಲೇತಿನ ಬೆಡ್ಡನ್ನು ಬೀಡಿನಲ್ಲಿ ಎರೆಯುವುದು ಇದಕ್ಕೇ: ಬುಡ ನಡುಗಿದರೆ ಕಡೆಯುವ ಕೆಲಸವೂ ಕೆಡುತ್ತದೆ. ಬೀಡನ್ನು ಕಡೆಯುವುದೂ ಸುಲಭ. ಉಕ್ಕು ಸುರುಳಿ ಸುರುಳಿಯಾಗಿ ಬಂದರೆ ಬೀಡು ಪುಡಿಪುಡಿಯಾಗಿ ಉದುರಿ ಕೈಯನ್ನು ಕಪ್ಪು ಮಾಡುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಬೀಡು 1200ರೊಳಗೇ ನೀರಾಗಿ, ಮರಳಿನ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ.

ಅಡುಗೆಮನೆಗೂ ಕಾರ್ಖಾನೆಗೂ ಇರುವ ನಂಟು ಹಳೆಯದು. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಪೇಟೆಂಟ್ ಪಡೆದದ್ದು ಮರಳಿನಚ್ಚಿನಲ್ಲಿ ಬೀಡಿನ ಪಾತ್ರೆ ಎರೆಯುವುದಕ್ಕೆ. ಎರಡೇ ವರ್ಷದಲ್ಲಿ ಆತ ಇದ್ದಿಲು ಬಿಟ್ಟು ಕಲ್ಲಿದ್ದಲಿನ ಕೋಕ್ ಉರಿಸಿ ಕಬ್ಬಿಣ ತೆಗೆದ. ಅವನ ಮೊಮ್ಮಗನ ಕಾಲಕ್ಕೆ, 1779ರಲ್ಲಿ, ಸೆವೆರ್ನ್ ನದಿಯ ಮೇಲೆ ಬೀಡಿನ ಸೇತುವೆಯೇ ಎದ್ದಿತು. ನಮ್ಮ ಭದ್ರಾವತಿಯ ಕುಲುಮೆ 1923ರಲ್ಲಿ ಹೊತ್ತಿಕೊಂಡದ್ದು ಮಾತ್ರ ಇದ್ದಿಲಿನಿಂದಲೇ; ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು.

ಬೀಡಿಗೆ ಬಾಗುವುದನ್ನೂ ಕಲಿಸಿದವರಿದ್ದಾರೆ. 1943ರಲ್ಲಿ ಅಮೆರಿಕದ ಕೀತ್ ಮಿಲ್ಲಿಸ್ ಕರಗಿದ ಬೀಡಿಗೆ ಚಿಟಿಕೆಯಷ್ಟು ಮೆಗ್ನೀಸಿಯಂ ಬೆರೆಸಿದರು. ಎಸಳಾಗಬೇಕಿದ್ದ ಗ್ರಾಫೈಟ್ ಸಾಸಿವೆಯಂತೆ ಗುಂಡಾಯಿತು. ಗುಂಡಿಗೆ ಅಂಚಿಲ್ಲ, ಬಿರುಕು ಅಲ್ಲಿಂದ ಸುಲಭಕ್ಕೆ ಹೊರಡುವುದಿಲ್ಲ. ಇಂದು ಊರಿಗೆ ನೀರು ತರುವ ದಪ್ಪ ಪೈಪುಗಳೂ ಕಾರಿನ ಕ್ರ್ಯಾಂಕ್‌ಶಾಫ್ಟುಗಳೂ ಈ ಬೀಡಿನವು. ಇಂಗಾಲವನ್ನು ಓಡಿಸಲಿಲ್ಲ, ಅದರ ಆಕಾರ ತಿದ್ದಿದರು, ಅಷ್ಟೇ. ನನಗೆ ಬೀಡಿನ ಮೇಲೆ ಪ್ರೀತಿ ಹುಟ್ಟಿದ್ದು ಈ ಸಂಗತಿ ತಿಳಿದ ದಿನ.

ಹೋಳುಗಳನ್ನು ಗುಜರಿಗೆ ಕೊಟ್ಟೆ. ಯಾವುದೋ ಫೌಂಡ್ರಿಯಲ್ಲಿ ಕರಗಿ, ಯಾರದೋ ತೋಟದ ಪಂಪಿನ ಮೈಯಾಗಿ ಅವು ನೀರೆತ್ತಬಹುದು. ಹೊಸ ಕಾವಲಿಯನ್ನು ಅಮ್ಮ ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಿದ್ದಾರೆ. ಮೊದಲ ನಾಲ್ಕು ದೋಸೆ ಅಂಟಿಕೊಳ್ಳುತ್ತವೆ, ಐದನೆಯದು ಏಳುತ್ತದೆ.